ಇಸ್ರಾಯೇಲ್ ಟೂರ್ ಹೋಗ್ತಿದ್ರೆ ಮಗ್ದಲಕ್ಕೆ ಅರ್ಧ ದಿನ ಇಟ್ಕೊಳ್ಳಿ (ಗಲಿಲಾಯ ಟೂರ್ ರಿವ್ಯೂ)

ನಮ್ಮ ಕಡೆಯಿಂದ ಹೋಲಿ ಲ್ಯಾಂಡ್ ಟೂರ್ ಹೋಗೋರಿಗೆ, ಅದ್ರಲ್ಲೂ ಸಂಡೇ ಸ್ಕೂಲ್ ಟೀಚರ್‌ಗಳು, ಬೈಬಲ್ ಸ್ಟಡಿ ನಡೆಸೋರು, ಸಭಾ ಹಿರಿಯರು, ಸೇವೆಗೆ ಇಳೀಬೇಕು ಅಂತ ಮನಸ್ಸು ಮಾಡಿರೋ ಯಂಗ್‌ಸ್ಟರ್ಸ್‌ಗೆ ಈ ರಿವ್ಯೂ. ಗಲಿಲಾಯ ಸಮುದ್ರದ (ಹೆಸರಿಗೆ ಸಮುದ್ರ, ನಿಜಕ್ಕೂ ಸಿಹಿನೀರಿನ ಸರೋವರ) ಪಶ್ಚಿಮ ದಡದಲ್ಲಿ, ತಿಬೇರಿಯದಿಂದ ಸ್ವಲ್ಪ ಉತ್ತರಕ್ಕೆ ಮಗ್ದಲ ಅಂತ ಒಂದು ಜಾಗ ಇದೆ, ಯೇಸುವನ್ನ ಹಿಂಬಾಲಿಸಿದ ಮಗ್ದಲದ ಮರಿಯಳ ಊರು. ತುಂಬಾ ಪ್ಯಾಕೇಜ್‌ಗಳಲ್ಲಿ ಇದನ್ನ ಕಪೆರ್ನೌಮಿಗೆ ಹೋಗೋ ದಾರೀಲಿ ಫೋಟೋ ಸ್ಟಾಪ್ ಥರ ಮುಗಿಸ್ತಾರೆ, ಕೆಲವರು ಲಿಸ್ಟಲ್ಲೇ ಇಡಲ್ಲ. ನನ್ನ ಪ್ರಕಾರ ಇಡೀ ಟೂರಲ್ಲಿ "ಶಿಷ್ಯ ಅಂದ್ರೆ ಯಾರು, ಸೇವೆ ಅಂದ್ರೆ ಏನು" ಅನ್ನೋದು ಕಣ್ಣಿಗೆ ಕಾಣೋ ಹಾಗೆ ಸಿಗೋದು ಇಲ್ಲೇ. ಐದಕ್ಕೆ ಐದು ಕೊಡ್ತೀನಿ. ಯಾಕೆ ಅಂತ ವಿವರವಾಗಿ ಬರೀತೀನಿ, ಉದ್ದ ಆಗುತ್ತೆ, ಹೋಗೋ ಪ್ಲಾನ್ ಇರೋರು ಪೂರ್ತಿ ಓದಿ.

ಮೊದ್ಲು ಜಾಗದ ಕಥೆ. ಇಲ್ಲಿ ಕ್ಯಾಥೊಲಿಕ್ ಸಂಸ್ಥೆಯೊಂದು ಯಾತ್ರಿಕರಿಗೆ ಗೆಸ್ಟ್ ಹೌಸ್ ಕಟ್ಟೋಕೆ ಹೊರಟಿತ್ತು. ಆ ದೇಶದಲ್ಲಿ ಇಂಥ ಕಡೆ ಕಟ್ಟೋ ಮುಂಚೆ ಪುರಾತತ್ವದವರು ಅಗೆದು ನೋಡ್ಲೇಬೇಕು. 2009 ರಲ್ಲಿ ಹಾಗೆ ಅಗೆದಾಗ ಸಿಕ್ಕಿದ್ದು ಮೊದಲನೇ ಶತಮಾನದ ಒಂದು ಸಭಾಮಂದಿರ, ಅಂದ್ರೆ ಯೆಹೂದ್ಯರು ವಾಕ್ಯ ಓದೋಕೆ, ಪ್ರಾರ್ಥನೆಗೆ ಸೇರೋ ಸಿನಗಾಗ್. ಒಳಗೆ ಕ್ರಿ.ಶ. 29 ರಲ್ಲಿ ತಿಬೇರಿಯದಲ್ಲಿ ಅಚ್ಚಾದ ನಾಣ್ಯ ಸಿಕ್ತು. ವರ್ಷ ನೋಡಿ, ಯೇಸು ಸ್ವಾಮಿ ಗಲಿಲಾಯದಲ್ಲಿ ಊರೂರು ಸುತ್ತಿ ಬೋಧಿಸ್ತಿದ್ದ ಕಾಲ ಸುಮಾರು ಅದೇ. ಕ್ರಿ.ಶ. 67 ರಲ್ಲಿ ರೋಮನ್ ಸೈನ್ಯ ಈ ಊರನ್ನ ಹಿಡೀತು, ಆಮೇಲೆ ಈ ಭಾಗದ ಮೇಲೆ ಯಾರೂ ದೊಡ್ಡದಾಗಿ ಏನೂ ಕಟ್ಲಿಲ್ಲ, ಹಾಗಾಗಿ ಉಳ್ಕೊಂಡಿದೆ. ಬೇರೆ ಪವಿತ್ರ ಸ್ಥಳಗಳಲ್ಲಿ ನಾವು ನೋಡೋದು ಬೈಜಾಂಟೈನ್ ಕಾಲದ ಚರ್ಚು, ಅದರ ಮೇಲೆ ಕ್ರುಸೇಡರ್ ಚರ್ಚು, ಅದರ ಮೇಲೆ ಹೋದ ಶತಮಾನದ ಚರ್ಚು. ಇಲ್ಲಿ ಮಧ್ಯದಲ್ಲಿ ಏನೂ ಅಡ್ಡ ಇಲ್ಲ, ನೇರವಾಗಿ ಆ ಕಾಲದ ನೆಲಾನೇ ನೋಡ್ತೀರ. 2021 ರಲ್ಲಿ ಅದೇ ಊರಲ್ಲಿ ಅದೇ ಕಾಲದ ಇನ್ನೊಂದು ಸಭಾಮಂದಿರಾನೂ ಸಿಕ್ಕಿದೆ. ಒಂದು ಮೀನುಗಾರರ ಊರಲ್ಲಿ ಎರಡು! ದೇವರ ವಾಕ್ಯ ಓದೋದು ಆ ಜನಕ್ಕೆ ಎಷ್ಟು ಮುಖ್ಯ ಆಗಿತ್ತು ಅಂತ ಇದರಲ್ಲೇ ಗೊತ್ತಾಗುತ್ತೆ.

ಒಂದು ವಿಷ್ಯ ಮೊದ್ಲೇ ಹೇಳ್ಬಿಡ್ತೀನಿ. "ಯೇಸು ಇದೇ ಜಾಗದಲ್ಲಿ ನಿಂತು ಬೋಧಿಸಿದ್ರು" ಅಂತ ಟೂರ್ ಗೈಡ್‌ಗಳು ಖಡಾಖಂಡಿತವಾಗಿ ಹೇಳ್ತಾರೆ. ಸುವಾರ್ತೆಯಲ್ಲಿ ಹಾಗೆ ಊರಿನ ಹೆಸರು ಹಿಡಿದು ಎಲ್ಲೂ ಬರೆದಿಲ್ಲ. ಗಲಿಲಾಯದ ಎಲ್ಲಾ ಕಡೆ ಸಭಾಮಂದಿರಗಳಲ್ಲಿ ಉಪದೇಶ ಮಾಡ್ತಾ ತಿರುಗಾಡಿದ್ರು ಅಂತ ಮತ್ತಾಯ 4:23 ರಲ್ಲಿದೆ, ಕಪೆರ್ನೌಮಿಂದ ಇಲ್ಲಿಗೆ ಹತ್ತು ಕಿಲೋಮೀಟರ್ ಆಸುಪಾಸು, ಸೋ ಬಂದಿರೋ ಸಾಧ್ಯತೆ ತುಂಬಾ ಜಾಸ್ತಿ. ನನಗೆ ಅಷ್ಟು ಸಾಕು.

ಈಗ ಆ ಹಾಲ್ ಬಗ್ಗೆ. ಸುಮಾರು 120 ಚದರ ಮೀಟರ್, ದೊಡ್ಡದೇನಲ್ಲ. ಗೋಡೆಗೆ ಬಣ್ಣದ ಚಿತ್ರ ಬರೆದಿದ್ದ ಗುರುತು ಇದೆ, ನೆಲದ ಒಂದು ಕಡೆ ಮೊಸಾಯಿಕ್ ಇದೆ. ಆದ್ರೆ ನನ್ನ ಗಮನ ಪೂರ್ತಿ ಹೋಗಿದ್ದು ಬೆಂಚುಗಳ ಮೇಲೆ. ಕಲ್ಲಿನ ಬೆಂಚುಗಳು ಗೋಡೆ ಸುತ್ತಾನೂ ಇವೆ, ಎಲ್ಲರ ಮುಖ ನಡುವಿನ ಕಡೆಗೆ. ಮುಂದೆ ಒಂದು ಎತ್ತರದ ಸ್ಟೇಜು, ಅದ್ರ ಮೇಲೆ ಒಬ್ರು, ಕೆಳಗಡೆ ಸಾಲಾಗಿ ಕೂತು ಕೇಳೋ ನಾವು, ಆ ಥರ ಇಲ್ಲವೇ ಇಲ್ಲ. ಎದುರುಬದುರು ಕೂತ್ಕೊಂಡು, ನಡುವೆ ಧರ್ಮಶಾಸ್ತ್ರದ ಸುರುಳಿ ಬಿಚ್ಚಿ ಓದಿ, ಅದರ ಮೇಲೆ ಮಾತಾಡೋದು, ಪ್ರಶ್ನೆ ಕೇಳೋದು, ವಾದ ಮಾಡೋದು, ಇದಕ್ಕೆ ಮಾಡಿದ ರೂಮು ಅದು. ಪಕ್ಕದಲ್ಲಿ ಒಂದು ಚಿಕ್ಕ ಕೋಣೆ ಇದೆ, ಸುರುಳಿಗಳನ್ನ ಇಡೋಕೋ ಅಥವಾ ಮಕ್ಕಳಿಗೆ ಕಲಿಸೋಕೋ ಇದ್ದಿರ್ಬೇಕು ಅಂತಾರೆ. ಆ ಬೆಂಚಿನ ಎದುರು ಸ್ವಲ್ಪ ಹೊತ್ತು ನಿಂತ್ರೆ ಸುವಾರ್ತೆಯಲ್ಲಿ ಬರೋ ಅಷ್ಟೊಂದು ವಾದ ವಿವಾದ ಎಲ್ಲಾ ಬೇರೆ ಥರ ಕಾಣ್ಸುತ್ತೆ. ಯೇಸುವಿಗೆ ಜನ ಪ್ರಶ್ನೆ ಹಾಕೋದು, ಆತ ತಿರುಗಿ ಪ್ರಶ್ನೆ ಹಾಕೋದು, "ನೀವು ಇದನ್ನ ಓದಲಿಲ್ಲವೇ" ಅಂತ ಕೇಳೋದು, ಇದೆಲ್ಲಾ ಆ ರೂಮಿನ ಕಲಿಕೆಯ ರೀತಿನೇ. ನಮ್ಮ ಬೈಬಲ್ ಸ್ಟಡಿಗಳಲ್ಲಿ ಪ್ರಶ್ನೆ ಕೇಳಿದವನನ್ನ ನಂಬಿಕೆ ಕಮ್ಮಿ ಇರೋನು ಅಂತ ನೋಡ್ತೀವಲ್ಲ, ಅದು ಎಷ್ಟು ತಪ್ಪು ಅಂತ ನಂಗೆ ಅಲ್ಲಿ ಬಲವಾಗಿ ಅನ್ನಿಸ್ತು.

ಲೂಕ 4 ನ್ನ ಅಲ್ಲೇ ಓದಿ, ಮೊಬೈಲಲ್ಲಾದ್ರೂ ಸರಿ. ಯೇಸು ನಜರೇತಿನ ಸಭಾಮಂದಿರದಲ್ಲಿ ಎದ್ದು ನಿಂತು ಯೆಶಾಯನ ಸುರುಳಿ ಓದ್ತಾರೆ, ಸುತ್ತಿ ಅಲ್ಲಿನ ಸೇವಕನ ಕೈಗೆ ಕೊಡ್ತಾರೆ, ಆಮೇಲೆ *ಕೂತ್ಕೊಂಡು* ಬೋಧನೆ ಶುರು ಮಾಡ್ತಾರೆ. ನಿಂತು ಓದೋದು, ಕೂತು ಕಲಿಸೋದು, ಇದು ಅವರ ಪದ್ಧತಿ. ಬೆಟ್ಟದ ಪ್ರಸಂಗದಲ್ಲೂ ಆತ ಕೂತ ಮೇಲೆ ಶಿಷ್ಯರು ಹತ್ರ ಬರೋದು. ಇನ್ನು ಅಪೊಸ್ತಲರ ಕೃತ್ಯಗಳು 13:15 ನೋಡಿ, ಪಿಸಿದ್ಯದ ಅಂತಿಯೋಕ್ಯದಲ್ಲಿ ಧರ್ಮಶಾಸ್ತ್ರ, ಪ್ರವಾದಿಗಳ ಪಾಠ ಓದಿದ ಮೇಲೆ ಸಭಾಮಂದಿರದ ಅಧಿಕಾರಿಗಳು ಹೊರಗಿಂದ ಬಂದ ಪೌಲ ಬಾರ್ನಬರಿಗೆ ಏನಾದ್ರೂ ಬುದ್ಧಿಮಾತಿದ್ರೆ ಹೇಳಿ ಅಂತ ಹೇಳಿಕಳಿಸ್ತಾರೆ. ಭಾನುವಾರ ನಮ್ಮ ದೇವಾಲಯದಲ್ಲಿ ಹಳೇ ಒಡಂಬಡಿಕೆ ಪಾಠ, ಪತ್ರಿಕೆ, ಸುವಾರ್ತೆ ಓದಿ ಆಮೇಲೆ ಪ್ರಸಂಗ, ನಡುನಡುವೆ ಬೇರೆ ಊರಿಂದ ಬಂದ ಗೆಸ್ಟ್ ಸ್ಪೀಕರು, ಈ ಕ್ರಮದ ಬೇರು ಅಲ್ಲಿದೆ. ಮಿಷನರಿಗಳು ಯುರೋಪಿಂದ ತಂದ ಪದ್ಧತಿ ಅಂತ ನಾವು ಅಂದ್ಕೊಂಡಿರೋದ್ರಲ್ಲಿ ಎಷ್ಟೋ ಸಂಗತಿ ಸಭಾಮಂದಿರದಿಂದ ಬಂದಿದ್ದು.

ಹಾಲ್ ನಡುವೆ ಒಂದು ಕಲ್ಲಿದೆ, ಮಗ್ದಲ ಸ್ಟೋನ್ ಅಂತಾರೆ. ಅಲ್ಲಿ ಈಗ ನೋಡೋಕೆ ಸಿಗೋದು ಪ್ರತಿಕೃತಿ, ಆದ್ರೂ ಅವಸರ ಮಾಡ್ದೆ ಬಗ್ಗಿ ನೋಡಿ. ಗಿಡ್ಡ ಮೇಜಿನ ಹಾಗಿದೆ, ಗಿಡ್ಡ ಕಾಲುಗಳಿವೆ. ಮುಂದಿನ ಮುಖದಲ್ಲಿ ಏಳು ಕವಲಿನ ದೀಪಸ್ತಂಭ, ಅದರ ಎರಡು ಕಡೆ ಒಂದೊಂದು ಹೂಜಿ, ಎರಡೂ ಪಕ್ಕ ಕಂಬ. ಮೇಲ್ಗಡೆ ಆರು ದಳದ ಹೂವು. ಯೆರೂಸಲೇಮಿನ ದೇವಾಲಯ ಇನ್ನೂ ನಿಂತಿದ್ದಾಗಲೇ ಅದನ್ನ ಕಣ್ಣಾರೆ ಕಂಡವರು ಯಾರೋ ಕೆತ್ತಿರಬಹುದು ಅಂತ ತಜ್ಞರು ಹೇಳ್ತಾರೆ. ಸಭಾಮಂದಿರವೊಂದರಲ್ಲಿ ಸಿಕ್ಕಿರೋ ದೀಪಸ್ತಂಭದ ಚಿತ್ರಗಳಲ್ಲಿ ಇದು ತೀರಾ ಹಳೇದು. ಇದರ ಮೇಲೆ ಸುರುಳಿ ಇಟ್ಟು ಓದ್ತಿದ್ರಾ ಇಲ್ಲಾ ಬೇರೆ ಉಪಯೋಗ ಇತ್ತಾ ಅನ್ನೋದ್ರ ಬಗ್ಗೆ ಇನ್ನೂ ಚರ್ಚೆ ಇದೆ. ಗಲಿಲಾಯದ ಮೀನುಗಾರರು ಓದು ಬರಹ ಧರ್ಮ ಗೊತ್ತಿಲ್ಲದ ಹಳ್ಳಿಗಮಾರರು ಅಂತ ಪ್ರಸಂಗಗಳಲ್ಲಿ ಕೇಳಿ ಕೇಳಿ ನಮ್ಮ ತಲೇಲಿ ಕೂತಿದೆ. ಈ ಕಲ್ಲು ನೋಡಿದ ಮೇಲೆ ಆ ಮಾತು ಹೇಳೋಕೆ ಬಾಯಿ ಬರಲ್ಲ. ದೇವಾಲಯದಿಂದ ಎಷ್ಟೋ ದಿನದ ನಡಿಗೆ ದೂರ ಇದ್ರೂ ಅದರ ನೆನಪನ್ನ ತಮ್ಮ ಸಭೆಯ ನಡುವೆ ಇಟ್ಕೊಂಡಿದ್ದ ಜನ ಅವರು.

ಇನ್ನು ಶಿಷ್ಯತ್ವದ ವಿಷ್ಯ, ಇಲ್ಲಿ ಸ್ವಲ್ಪ ಜಾಸ್ತಿ ಬರೀತೀನಿ. ನಮ್ಮ ಪ್ಯಾಕೇಜ್ ಜೊತೆ ಬಂದಿದ್ದ ಗೈಡ್ (ಕಂಪನಿ ಹೆಸರು ಬೇಡ) ಬಸ್ಸಲ್ಲಿ ಒಂದು ಕಥೆ ಹೇಳಿದ್ರು, ನೀವೂ ಯೂತ್ ಕ್ಯಾಂಪಲ್ಲಿ ಯೂಟ್ಯೂಬಲ್ಲಿ ಕೇಳಿರ್ತೀರ. ಯೆಹೂದ್ಯ ಹುಡುಗರೆಲ್ಲಾ ಹತ್ತು ವರ್ಷಕ್ಕೆ ತೋರಾ (ಮೋಶೆಯ ಧರ್ಮಶಾಸ್ತ್ರ) ಪೂರ್ತಿ ಬಾಯಿಪಾಠ ಮಾಡ್ತಿದ್ರು, ಅದ್ರಲ್ಲಿ ರ‍್ಯಾಂಕ್ ಬಂದವರನ್ನ ಮಾತ್ರ ರಬ್ಬಿ (ಯೆಹೂದ್ಯ ಗುರು) ಆರಿಸ್ಕೊಳ್ತಿದ್ದ, ಫೇಲಾದವರು ಮೀನು ಹಿಡಿಯೋಕೆ ಹೋಗ್ತಿದ್ರು, ಯೇಸು ಆ ಫೇಲಾದವರನ್ನ ಕರೆದ್ರು ಅಂತ. ಕೇಳೋಕೆ ಚೆನ್ನಾಗಿದೆ, ಕಣ್ಣಲ್ಲಿ ನೀರು ಬರುತ್ತೆ. ಆದ್ರೆ ಅಷ್ಟು ಅಚ್ಚುಕಟ್ಟಾದ ಸ್ಕೂಲ್ ಸಿಸ್ಟಮ್ ಮೊದಲನೇ ಶತಮಾನದ ಗಲಿಲಾಯದಲ್ಲಿ ಇತ್ತು ಅನ್ನೋಕೆ ಆಧಾರ ಇಲ್ಲ. ಐದಕ್ಕೆ ಬೈಬಲ್, ಹತ್ತಕ್ಕೆ ಮಿಷ್ನಾ (ಯೆಹೂದ್ಯ ಗುರುಗಳ ಬೋಧನೆಗಳ ಸಂಗ್ರಹ) ಅನ್ನೋ ವಯಸ್ಸಿನ ಪಟ್ಟಿ ಇರೋದು ಆ ಮಿಷ್ನಾದ್ದೇ ಒಂದು ಭಾಗವಾದ ಪಿರ್ಕೆ ಆವೋತ್‌ನಲ್ಲಿ, ಮಿಷ್ನಾ ಒಟ್ಟುಗೂಡಿದ್ದೇ ಸುಮಾರು ಕ್ರಿ.ಶ. 200 ಕ್ಕೆ. ಮಕ್ಕಳಿಗೆ ಅಕ್ಷರ, ಧರ್ಮಶಾಸ್ತ್ರ ಕಲಿಸ್ಬೇಕು ಅನ್ನೋದು ಯೆಹೂದ್ಯರಲ್ಲಿ ನಿಯಮ ಅಂತ ಮೊದಲನೇ ಶತಮಾನದ ಯೆಹೂದ್ಯ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ, ಅಷ್ಟು ನಿಜ. ಸತ್ಯ ಇರೋದೇ ಸಾಕಷ್ಟು ಸೊಗಸಾಗಿದೆ, ಅದಕ್ಕೆ ಮಸಾಲೆ ಹಾಕೋದು ಯಾಕೆ? ನಮ್ಮ ನಂಬಿಕೆ ಇಂಥ ಕಥೆ ಮೇಲೆ ನಿಲ್ಲಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ, ಯಾಕಂದ್ರೆ ನಾಳೆ ಕಾಲೇಜಿಗೆ ಹೋದ ಹುಡುಗ ಅದು ಸುಳ್ಳು ಅಂತ ಓದಿದಾಗ ಅದರ ಜೊತೆ ಉಳಿದಿದ್ದನ್ನೂ ಬಿಟ್ಬಿಡ್ತಾನೆ.

ನಿಜವಾಗಿ ಗೊತ್ತಿರೋದು ಇದು. ಶಿಷ್ಯರನ್ನ ಇಟ್ಕೊಳ್ಳೋದು ಯೇಸು ಹೊಸದಾಗಿ ಶುರು ಮಾಡಿದ್ದಲ್ಲ. ಮಾರ್ಕ 2:18 ರಲ್ಲೇ ಸ್ನಾನಿಕ ಯೋಹಾನನ ಶಿಷ್ಯರು, ಫರಿಸಾಯರ (ಧರ್ಮಶಾಸ್ತ್ರ ಕಟ್ಟುನಿಟ್ಟಾಗಿ ಪಾಲಿಸ್ತಿದ್ದ ಯೆಹೂದ್ಯ ಪಂಗಡದವರ) ಶಿಷ್ಯರು ಅಂತ ಬರುತ್ತೆ. ಪೌಲ ತಾನು ಗಮಲಿಯೇಲ ಅನ್ನೋ ಯೆಹೂದ್ಯ ಗುರುವಿನ ಪಾದದ ಹತ್ರ ಕಲಿತವನು ಅಂತ ಹೆಮ್ಮೆಯಿಂದ ಹೇಳ್ಕೊಳ್ತಾನೆ. ಪಿರ್ಕೆ ಆವೋತ್ ಶುರುವಾಗೋದೇ ಮೂರು ಬುದ್ಧಿಮಾತಿಂದ, ಅದ್ರಲ್ಲಿ ಒಂದು "ಬಹಳ ಶಿಷ್ಯರನ್ನ ಎಬ್ಬಿಸಿ ನಿಲ್ಲಿಸಿ" ಅಂತ. ಈಗ ಮತ್ತಾಯ 28 ರ ಕೊನೇ ಆಜ್ಞೆ, ಎಲ್ಲಾ ದೇಶದವರನ್ನ ಶಿಷ್ಯರನ್ನಾಗಿ ಮಾಡಿ ಅನ್ನೋದನ್ನ ಪಕ್ಕದಲ್ಲಿಟ್ಟು ಓದಿ. ನಾವು ಗ್ರೇಟ್ ಕಮಿಷನ್ ಅಂತ ಬ್ಯಾನರ್ ಹಾಕೋ ಮಾತು ಆ ಹನ್ನೊಂದು ಜನರ ಕಿವಿಗೆ ಅಪರಿಚಿತ ಆಗಿರಲಿಲ್ಲ, ಗುರುವಾದವನು ಮಾಡ್ಬೇಕಾದ ಕೆಲಸ ಅದೇ ಅಂತ ಅವರಿಗೆ ಗೊತ್ತಿತ್ತು, ಎಲ್ಲಾ ದೇಶದವರು ಅನ್ನೋದು ಮಾತ್ರ ಅವರನ್ನ ಬೆಚ್ಚಿಬೀಳಿಸಿರುತ್ತೆ. ಪಿರ್ಕೆ ಆವೋತ್ ಪುಸ್ತಕದಲ್ಲೇ ಯೋಸೆ ಬೆನ್ ಯೋಯೆಜರ್ ಅನ್ನೋ ಗುರು ಹೇಳ್ತಾನೆ, ನಿನ್ನ ಮನೆ ಜ್ಞಾನಿಗಳು ಸೇರೋ ಮನೆ ಆಗಲಿ, ಅವರ ಪಾದಧೂಳಿಯಲ್ಲಿ ಕೂತ್ಕೋ, ಅವರ ಮಾತನ್ನ ಬಾಯಾರಿದವನ ಹಾಗೆ ಕುಡಿ ಅಂತ. ಬೇಥಾನ್ಯದ ಮನೆಯಲ್ಲಿ ಮರಿಯಳು ಕರ್ತನ ಪಾದದ ಹತ್ರ ಕೂತು ವಾಕ್ಯ ಕೇಳ್ತಿದ್ದದ್ದು ನೆನಪಾಗುತ್ತಲ್ವಾ? ಲೂಕ 10 ರಲ್ಲಿ ಆಕೆ ಮಾಡ್ತಿದ್ದದ್ದು ಸುಮ್ನೆ ಭಕ್ತಿಯಿಂದ ಕೂತಿದ್ದಲ್ಲ, ಶಿಷ್ಯ ಕೂರೋ ಜಾಗದಲ್ಲಿ ಒಬ್ಬ ಹೆಣ್ಣುಮಗಳು ಕೂತಿದ್ಲು, ಕರ್ತನು ಅದನ್ನ ಅವಳಿಂದ ಕಿತ್ಕೊಳ್ಳಲಿಲ್ಲ.

ಶಿಷ್ಯ ಅಂದ್ರೆ ಪಾಠ ಕೇಳಿ ಮನೆಗೆ ಹೋಗೋನಲ್ಲ, ಗುರು ಜೊತೆ ಬದುಕೋನು, ಗುರುವಿನ ಕೈಕೆಲಸ ಮಾಡೋನು. ನಮ್ಮ ಗುರುಕುಲದ ಕಲ್ಪನೆ ಇರೋರಿಗೆ ಇದು ಬೇಗ ಅರ್ಥ ಆಗುತ್ತೆ. ಪ್ರವಾದಿ ಎಲೀಷನನ್ನ ಪರಿಚಯ ಮಾಡೋವಾಗ "ಎಲೀಯನ ಕೈಗೆ ನೀರು ಹಾಕ್ತಿದ್ದವನು" ಅಂತಾರೆ ಎರಡನೇ ಅರಸುಗಳು 3:11 ರಲ್ಲಿ, ಅವನ ಕ್ವಾಲಿಫಿಕೇಷನ್ ಅದೇ. ಮಿಷ್ನಾ ಮೇಲೆ ಆಮೇಲೆ ಬೆಳೆದ ಚರ್ಚೆಗಳ ಸಂಗ್ರಹವಾದ ತಾಲ್ಮುದ್‌ನಲ್ಲಿ ಒಂದು ಮಾತಿದೆ, ದಾಸ ತನ್ನ ಯಜಮಾನನಿಗೆ ಮಾಡೋ ಎಲ್ಲಾ ಕೆಲಸನೂ ಶಿಷ್ಯ ಗುರುವಿಗೆ ಮಾಡ್ತಾನೆ, ಕೆರದ ಬಾರು ಬಿಚ್ಚೋದೊಂದು ಬಿಟ್ಟು. ಅದು ಬರವಣಿಗೆಗೆ ಬಂದಿದ್ದು ಆಮೇಲಿನ ಕಾಲದಲ್ಲಿ, ಆದ್ರೆ ಆ ಅಭಿಪ್ರಾಯ ಮುಂಚೆನೂ ಇದ್ದಿದ್ರೆ ಸ್ನಾನಿಕ ಯೋಹಾನನ ಮಾತಿನ ಭಾರ ನೋಡಿ, ಆತನ ಕೆರದ ಬಾರು ಬಿಚ್ಚೋಕೂ ನಾನು ಯೋಗ್ಯನಲ್ಲ ಅಂತಾನೆ, ಅಂದ್ರೆ ಶಿಷ್ಯನಿಗೂ ಹೇಳದ ಕೆಲಸಕ್ಕೂ ನಾನು ಸಾಲಲ್ಲ ಅಂತ. ಆಮೇಲೆ ಯೋಹಾನ 13 ಕ್ಕೆ ಬನ್ನಿ, ಗುರುನೇ ಎದ್ದು ಸೊಂಟಕ್ಕೆ ಟವಲ್ ಸುತ್ಕೊಂಡು ಶಿಷ್ಯರ ಕಾಲು ತೊಳೀತಾರೆ. ಪೇತ್ರ ಬೇಡ ಬೇಡ ಅಂದಿದ್ದು ಸುಮ್ನೆ ಸಂಕೋಚಕ್ಕಲ್ಲ, ಅವನು ಕಲಿತಿದ್ದ ಗುರು ಶಿಷ್ಯ ಮರ್ಯಾದೆ ಪೂರ್ತಿ ತಲೆಕೆಳಗಾಯ್ತು. ನನಗೆ ಸೇವೆ ಅನ್ನೋದರ ಅರ್ಥ ಇಲ್ಲಿದೆ. ಶಿಷ್ಯ ಗುರುವಿಗೆ ಮಾಡೋ ಸೇವೆ ಯೆಹೂದ್ಯ ಬೇರು, ಗುರು ಶಿಷ್ಯನಿಗೆ ಮಾಡಿದ ಸೇವೆ ಆ ಬೇರಿಂದಲೇ ಚಿಗುರಿದ್ದು, ಒಂದನ್ನ ಬಿಟ್ಟು ಇನ್ನೊಂದು ತಿಳಿಯಲ್ಲ. ವ್ಯತ್ಯಾಸಾನೂ ಇದೆ, ಮುಚ್ಚಿಡಬಾರ್ದು. "ನಿನಗೊಬ್ಬ ಗುರುವನ್ನ ಮಾಡ್ಕೋ" ಅಂತ ಆವೋತ್ ಹೇಳುತ್ತೆ, ಹುಡುಕ್ಕೊಂಡು ಹೋಗೋದು ಶಿಷ್ಯ. ಯೇಸು ತಾನೇ ದಡಕ್ಕೆ ಬಂದು ಕರೀತಾರೆ. ಶಿಷ್ಯ ಒಂದು ದಿನ ತಾನೇ ಗುರು ಆಗೋದು ಅಲ್ಲಿಯ ದಾರಿ, ಮತ್ತಾಯ 23:8 ರಲ್ಲಿ ಯೇಸು ನೀವು ಬೋಧಕರು ಅನ್ನಿಸ್ಕೊಳ್ಬೇಡಿ, ನಿಮಗೆ ಒಬ್ಬನೇ ಬೋಧಕ, ನೀವೆಲ್ಲಾ ಸಹೋದರರು ಅಂತಾರೆ. ನಮ್ಮಲ್ಲಿ ಹೆಸರಿನ ಹಿಂದೆ ಮುಂದೆ ಬಿರುದು ಹಾಕ್ಕೊಂಡು ಫ್ಲೆಕ್ಸ್ ಕಟ್ಟೋ ಸೇವಕರು ಈ ವಾಕ್ಯದ ಮೇಲೆ ಪ್ರಸಂಗ ಮಾಡೋದು ನಾನಂತೂ ಕೇಳಿಲ್ಲ.

ಸಭಾಮಂದಿರದಿಂದ ಸ್ವಲ್ಪ ಮುಂದೆ ನಡೆದ್ರೆ ಮನೆಗಳು, ಮಾರ್ಕೆಟ್ ಬೀದಿ, ಅಂಗಡಿಗಳ ಒಳಗೆ ಚಿಕ್ಕ ಚಿಕ್ಕ ತೊಟ್ಟಿಗಳು (ಮೀನಿಗೆ ಇದ್ದಿರಬೇಕು, ಈ ಊರು ಉಪ್ಪು ಹಾಕಿದ ಮೀನಿಗೆ ಹೆಸರುವಾಸಿ). ಇಲ್ಲಿ ಮಿಸ್ ಮಾಡಬಾರದ್ದು ಶುದ್ಧಿಸ್ನಾನದ ತೊಟ್ಟಿಗಳು, ಮಿಕ್ವೆ ಅಂತಾರೆ. ಕಲ್ಲಿನ ಮೆಟ್ಟಿಲು ಇಳಿದು ಪೂರ್ತಿ ಮುಳುಗಿ ಏಳೋ ಹಾಗೆ ಕಟ್ಟಿದ್ದಾರೆ. ಬೇರೆ ಕಡೆ ಮಳೆನೀರು ತುಂಬಿಸ್ತಿದ್ರು, ಇಲ್ಲಿ ಸಮುದ್ರ ಪಕ್ಕದಲ್ಲೇ ಇರೋದ್ರಿಂದ ಅಂತರ್ಜಲವೇ ಒಸರಿ ಬರೋ ಹಾಗಿದೆ, ಇವತ್ತಿಗೂ ನೀರು ನಿಂತಿರುತ್ತೆ. ದೀಕ್ಷಾಸ್ನಾನ ಅನ್ನೋದು ಯೊರ್ದನ್ ನದೀಲಿ ಆಕಾಶದಿಂದ ಇಳಿದ ಹೊಸ ಆಚಾರ ಅಲ್ಲ, ನೀರಲ್ಲಿ ಮುಳುಗಿ ಶುದ್ಧರಾಗೋದು ಆ ಜನರ ದಿನನಿತ್ಯದ ಬದುಕಲ್ಲೇ ಇತ್ತು. ಯೋಹಾನ ಅದನ್ನ ಮಾನಸಾಂತರಕ್ಕೆ, ಒಂದೇ ಸಲಕ್ಕೆ, ಎಲ್ಲರಿಗೂ ಅಂತ ಮಾಡಿದ್ದು ಹೊಸದು. ಮುಳುಗಿಸ್ಬೇಕಾ ಚಿಮುಕಿಸ್ಬೇಕಾ ಅಂತ ಜಗಳ ಆಡೋ ನಮ್ಮೂರ ಸಭೆಗಳೆರಡೂ ಇಲ್ಲಿಗೆ ಬಂದು ಆ ಮೆಟ್ಟಿಲು ನೋಡ್ಬೇಕು, ಜಗಳ ನಿಲ್ಲುತ್ತೆ ಅಂತಲ್ಲ, ಆ ಜಗಳಕ್ಕಿಂತ ಹಳೇ ನೀರು ಅಲ್ಲಿದೆ ಅನ್ನೋದಾದ್ರೂ ತಿಳಿಯುತ್ತೆ.

ಅದೇ ಕಾಂಪೌಂಡಲ್ಲಿ 2014 ರಲ್ಲಿ ಶುರುವಾದ ದುಕ್ ಇನ್ ಆಲ್ತುಮ್ ಅನ್ನೋ ಪ್ರಾರ್ಥನಾ ಕೇಂದ್ರ ಇದೆ. ಒಳಗೆ ಬಂದ ತಕ್ಷಣ ಎಂಟು ಕಂಬ, ಏಳರ ಮೇಲೆ ಯೇಸುವನ್ನ ಹಿಂಬಾಲಿಸಿದ ಹೆಂಗಸರ ಹೆಸರು, ಮಗ್ದಲದ ಮರಿಯ, ಸುಸನ್ನ, ಯೋಹಾನ್ನ, ಮಾರ್ಥ ಮರಿಯರು, ಪೇತ್ರನ ಅತ್ತೆ ಹೀಗೆ. ಎಂಟನೇದಕ್ಕೆ ಹೆಸರಿಲ್ಲ, ಎಲ್ಲಾ ಕಾಲದ ನಂಬಿಕೆಯ ಹೆಂಗಸರಿಗೆ ಅಂತ ಬಿಟ್ಟಿದ್ದಾರೆ. ಲೂಕ 8 ರಲ್ಲಿ ಈ ಹೆಂಗಸರು ತಮ್ಮ ಆಸ್ತಿಯಿಂದ ಆತನಿಗೂ ಶಿಷ್ಯರಿಗೂ ಉಪಚಾರ ಮಾಡ್ತಿದ್ರು ಅಂತಿದೆ, ಅಂದ್ರೆ ಆ ಸೇವೆಯ ಖರ್ಚು ನಡೆಸಿದ್ದೇ ಇವರು. ನಮ್ಮ ಸಭೆಗಳಲ್ಲೂ ಅಡಿಗೆಯಿಂದ ಹಿಡಿದು ಹುಂಡಿವರೆಗೆ ನಡೆಸೋರು ಹೆಂಗಸರು, ಕಮಿಟಿ ಫೋಟೋದಲ್ಲಿ ಎಷ್ಟು ಜನ ಇರ್ತಾರೆ ಲೆಕ್ಕ ಹಾಕಿ. ಮೇಲಿನ ಚಾಪೆಲಲ್ಲಿ ಆಲ್ಟರ್ ದೋಣಿ ಆಕಾರದಲ್ಲಿದೆ, ಅದರ ಹಿಂದೆ ಗಾಜಿನಾಚೆ ನಿಜವಾದ ಗಲಿಲಾಯ ಸಮುದ್ರ. ಕೆಳಗಿನ ಚಾಪೆಲಿನ ನೆಲ ಹಳೇ ಮಾರ್ಕೆಟ್ಟಿನ ಕಲ್ಲಿನ ನೆಲನೇ, ಗೋಡೆ ತುಂಬಾ ಒಂದು ಚಿತ್ರ, ರಕ್ತಸ್ರಾವದ ರೋಗ ಇದ್ದ ಹೆಂಗಸು ಯೇಸುವಿನ ಉಡುಪಿನ ಅಂಚು ಮುಟ್ಟೋ ಗಳಿಗೆ. ಚಿತ್ರದಲ್ಲಿ ಮುಖಗಳೇ ಇಲ್ಲ, ಬರೀ ಕಾಲುಗಳು, ಬಟ್ಟೆ, ನಡುವೆ ತೂರಿಕೊಂಡು ಬಂದ ಒಂದು ಕೈ, ಬೆರಳ ತುದಿ ತಾಗಿದ ಜಾಗದಲ್ಲಿ ಬೆಳಕು. ಅರಣ್ಯಕಾಂಡ 15 ರಲ್ಲಿ ಆಜ್ಞೆಗಳನ್ನ ನೆನಪಿಟ್ಕೊಳ್ಳೋಕೆ ಬಟ್ಟೆಯ ಮೂಲೆಗೆ ಗೊಂಡೆ ಕಟ್ಕೊಳ್ಳಿ ಅಂತ ದೇವರು ಹೇಳಿದ್ದು, ಯೇಸುನೂ ಅದನ್ನ ಕಟ್ಕೊಂಡಿದ್ರು, ಆ ಹೆಂಗಸು ಮುಟ್ಟಿದ್ದು ಅದನ್ನೇ. ಇಲ್ಲಿ ಕೂತು ಪ್ರಾರ್ಥನೆ ಮಾಡೋಕೆ ಟೈಮ್ ಬೇಕು, ನಮ್ಮ ಬಸ್ಸಿನವರು ಹಾರ್ನ್ ಹೊಡೀತಿದ್ರು, ಮುಂದೆ ಶಾಪಿಂಗ್ ಸ್ಟಾಪ್ ಇತ್ತಂತೆ. ಬೇಜಾರಾಯ್ತು.

ಸಭೆಯ ಆಡಳಿತ ಹೊಣೆ ಹೊತ್ತಿರೋರಿಗೆ ಇನ್ನೊಂದು ಮಾತು. ಯಾಯೀರ ಸಭಾಮಂದಿರದ ಅಧಿಕಾರಿ. ಕಪೆರ್ನೌಮಿನಲ್ಲಿ ಶತಾಧಿಪತಿಯ (ಸೈನ್ಯದ ಅಧಿಕಾರಿಯ) ಪರವಾಗಿ ಬಂದು ಬೇಡ್ಕೊಂಡವರು ಯೆಹೂದ್ಯರ ಹಿರಿಯರು. ಸುರುಳಿ ತಗೊಂಡು ಎತ್ತಿಟ್ಟವನು ಸೇವಕ. ಹಿರಿಯರು, ಮೇಲ್ವಿಚಾರಣೆ ಮಾಡೋರು, ಸೇವಕರು, ನಮ್ಮ ಸಭೆಗಳಲ್ಲೂ ಇದೇ ಥರ ಹೊಣೆ ಹಂಚಿಕೆ ಇದ್ಯಲ್ಲ, ಆದಿಸಭೆ ಬೆಳೆದಿದ್ದು ಈ ವಾತಾವರಣದಲ್ಲಿ. ಬಿಷಪ್ಪರು ತಲೆ ಮೇಲೆ ಕೈಯಿಟ್ಟು ಅಭಿಷೇಕ ಮಾಡ್ತಾರೆ, ಮೋಶೆ ಯೆಹೋಶುವನ ಮೇಲೆ ಕೈಯಿಟ್ಟಿದ್ದು ಅರಣ್ಯಕಾಂಡ 27 ರಲ್ಲಿ. ಯೆರೂಸಲೇಮಿನಲ್ಲಿ ಸಿಕ್ಕಿದ ಥಿಯೊಡೋಟಸ್ ಶಾಸನ ಅಂತ ಗ್ರೀಕ್ ಭಾಷೆಯ ಕಲ್ಲು ಬರಹ ಇದೆ, ದೇವಾಲಯ ನಿಂತಿದ್ದ ಕಾಲದ್ದು ಅಂತ ಹೆಚ್ಚಿನವರು ಹೇಳ್ತಾರೆ. ಅದರಲ್ಲಿ ಆ ಸಭಾಮಂದಿರ ಕಟ್ಟಿದ್ದು ಧರ್ಮಶಾಸ್ತ್ರ ಓದೋಕೆ, ಆಜ್ಞೆಗಳನ್ನ ಕಲಿಸೋಕೆ, ಜೊತೆಗೆ ಪರದೇಶದಿಂದ ಬಂದು ಅಗತ್ಯ ಇರೋರಿಗೆ ಉಳ್ಕೊಳ್ಳೋಕೆ ಕೋಣೆ, ನೀರಿನ ವ್ಯವಸ್ಥೆ ಅಂತ ಬರೆದಿದೆ. ಓದು, ಬೋಧನೆ, ಅತಿಥಿ ಸತ್ಕಾರ. ನಮ್ಮ ಸಭೆಯ ಬಜೆಟ್ ತೆಗೆದು ಮೂರನೇದಕ್ಕೆ ಎಷ್ಟಿದೆ ನೋಡಬೇಕು ಅನ್ನಿಸುತ್ತೆ. ಇನ್ನು ಮಾರ್ಕ 3:14, ಹನ್ನೆರಡು ಜನರನ್ನ ನೇಮಿಸಿದ್ದು ತನ್ನ ಸಂಗಡ ಇರೋಕೆ, ಆಮೇಲೆ ಕಳಿಸೋಕೆ. ಕಳಿಸಲ್ಪಟ್ಟವನು ಕಳಿಸಿದವನ ಹಾಗೇ ಅನ್ನೋದು ಮಿಷ್ನಾದಲ್ಲೂ ಇರೋ ನಿಯಮ, ನಿಮ್ಮನ್ನ ಸೇರಿಸ್ಕೊಳ್ಳೋನು ನನ್ನನ್ನ ಸೇರಿಸ್ಕೊಳ್ತಾನೆ ಅಂತ ಮತ್ತಾಯ 10:40 ಹೇಳೋದು ಅದೇ ಲೆಕ್ಕ. ನಾವು ಜೊತೇಲಿರೋ ಭಾಗ ಹಾರಿಸಿ ಹುಡುಗರನ್ನ ಮೂರು ದಿನದ ಟ್ರೈನಿಂಗ್ ಕೊಟ್ಟು ಸೇವೆಗೆ ಕಳಿಸ್ತೀವಿ, ಆಮೇಲೆ ಅವರು ಸುಸ್ತಾಗಿ ಬಿದ್ರೆ ಆತ್ಮಿಕತೆ ಸಾಲದು ಅಂತೀವಿ.

ಒಂದು ಎಚ್ಚರಿಕೆ ಹೇಳ್ಲೇಬೇಕು. ಯೆಹೂದ್ಯ ಬೇರು ಅಂದ ತಕ್ಷಣ ತಿಬೇರಿಯದ ಅಂಗಡೀಲಿ ತಲ್ಲಿತ್ ಶಾಲು, ಶೋಫಾರ್ ಕೊಂಬು ಕೊಂಡ್ಕೊಂಡು ಊರಿಗೆ ಬಂದು ವೇದಿಕೆ ಮೇಲೆ ಊದೋದು ಈಗ ಫ್ಯಾಷನ್ ಆಗಿದೆ. ದಯವಿಟ್ಟು ಮಾಡ್ಬೇಡಿ. ಅವು ಇವತ್ತು ಬದುಕಿರೋ ಒಂದು ಜನಾಂಗದ ಪ್ರಾರ್ಥನೆಯ ವಸ್ತುಗಳು, ನಮ್ಮ ಮೀಟಿಂಗ್ ಡೆಕೊರೇಷನ್ ಅಲ್ಲ. ಕ್ರಿ.ಶ. 70 ರಲ್ಲಿ ದೇವಾಲಯ ಬಿದ್ದ ಮೇಲೆ ಕಲಿಕೆ, ಪ್ರಾರ್ಥನೆ, ಮನೆಯ ಮೇಜು ಇವುಗಳನ್ನ ಹಿಡಿದು ಅವರ ಧರ್ಮ ಉಳೀತು ಬೆಳೀತು, ಅದು ನಮ್ಮ ಮುನ್ನುಡಿ ಆಗಿ ಮುಗಿದುಹೋಗಿಲ್ಲ. ಹಾಗೇನೇ ಫರಿಸಾಯ ಅಂದ್ರೆ ಕಪಟಿ ಅಂತ ಬೈಗುಳ ಮಾಡ್ಕೊಂಡಿದ್ದೀವಿ. ನಿಕೊದೇಮ ಫರಿಸಾಯ, ಗಮಲಿಯೇಲ ಫರಿಸಾಯ, ಪೌಲ ಕೊನೆವರೆಗೂ ನಾನು ಫರಿಸಾಯನೇ ಅಂತ ನ್ಯಾಯಸಭೆ ಮುಂದೆ ಹೇಳಿದವನು. ಕ್ರೈಸ್ತ ಸಭೆ ಈ ಬೇರನ್ನ ಮರೆತಾಗೆಲ್ಲಾ ಯೆಹೂದ್ಯರ ಮೇಲೆ ನಡೆದ ಹಿಂಸೆ ಚರಿತ್ರೆಯಲ್ಲಿದೆ, ಮಕ್ಕಳಿಗೆ ಕಲಿಸೋವಾಗ ನಾಲಿಗೆ ಮೇಲೆ ಹಿಡಿತ ಇರಲಿ.

ಸುತ್ತಮುತ್ತಲಿನದು ಬೇಗ ಬೇಗ ಹೇಳ್ತೀನಿ. ಕಪೆರ್ನೌಮ್ ನೋಡ್ಲೇಬೇಕು, ಬಿಳಿ ಸುಣ್ಣಕಲ್ಲಿನ ಸಭಾಮಂದಿರ ನಾಲ್ಕು ಐದನೇ ಶತಮಾನದ್ದು, ಅದರ ಬುಡದಲ್ಲಿ ಕಾಣೋ ಕಪ್ಪು ಕಲ್ಲಿನ ಸಾಲು ಇನ್ನೂ ಹಳೇದು. ಪಕ್ಕದಲ್ಲೇ ಪೇತ್ರನ ಮನೆ ಅಂತ ಹೇಳೋ ಜಾಗ, ಮೇಲೆ 1990 ರ ಹೊಸ ಚರ್ಚು. ಭುಜ ಮಂಡಿ ಮುಚ್ಚೋ ಬಟ್ಟೆ ಕಡ್ಡಾಯ. ಖೊರಾಜಿನ್ ಅನ್ನೋ ಹಳೇ ಊರಲ್ಲಿ ಕಲ್ಲಿನ ಪೀಠದ ಪ್ರತಿಕೃತಿ ಇದೆ, ಮತ್ತಾಯ 23:2 ರ ಮೋಶೆಯ ಪೀಠ ಅಂದ್ರೆ ಹೇಗಿತ್ತು ಅಂತ ಅಂದಾಜು ಸಿಗುತ್ತೆ, ಅಸಲಿ ಕಲ್ಲು ಯೆರೂಸಲೇಮಿನ ಇಸ್ರೇಲ್ ಮ್ಯೂಸಿಯಮ್ಮಲ್ಲಿದೆ. ಗಿನೋಸಾರ್ ಮ್ಯೂಸಿಯಮ್ಮಲ್ಲಿ 1986 ರಲ್ಲಿ ಕೆಸರಲ್ಲಿ ಸಿಕ್ಕಿದ ಆ ಕಾಲದ ದೋಣಿ, ಎಂಟು ಮೀಟರ್ ಚಿಲ್ಲರೆ ಉದ್ದ, ಮಗ್ದಲಕ್ಕೆ ಹತ್ರ, ಒಟ್ಟಿಗೆ ಇಟ್ಕೊಳ್ಳಿ. ಮಕ್ಕಳಿದ್ರೆ ನಜರೇತ್ ವಿಲೇಜ್ ಚೆನ್ನಾಗಿರುತ್ತೆ, ಮೊದಲನೇ ಶತಮಾನದ ಹಳ್ಳಿ ಥರ ಮಾಡಿದ್ದಾರೆ, ಆ ಕಾಲದ ಬಟ್ಟೆ ಹಾಕಿದ ಜನ ಇರ್ತಾರೆ, ದ್ರಾಕ್ಷಿ ತುಳಿಯೋ ಹಳೇ ತೊಟ್ಟಿ ಅಲ್ಲೇ ಸಿಕ್ಕಿದ್ದು, ಸಭಾಮಂದಿರ ಮಾತ್ರ ಹೊಸದಾಗಿ ಕಟ್ಟಿದ್ದು, ಒಳಗೆ ಕೂತು ಲೂಕ 4 ಓದಿಸಿದ್ರೆ ಮಕ್ಕಳು ಮರೆಯಲ್ಲ.

ಪ್ರಾಕ್ಟಿಕಲ್ ವಿಷ್ಯ. ಗಲಿಲಾಯ ಸಮುದ್ರ ಇರೋದು ಸಮುದ್ರ ಮಟ್ಟಕ್ಕಿಂತ ಸುಮಾರು 210 ಮೀಟರ್ ಕೆಳಗೆ, ಬೇಸಿಗೆಯಲ್ಲಿ ಸೆಕೆ ವಿಪರೀತ, ಅಗೆದಿರೋ ಜಾಗ ಬಯಲು, ಟೋಪಿ ನೀರು ಇಲ್ದೆ ಹೋಗ್ಬೇಡಿ, ವಯಸ್ಸಾದವರನ್ನ ಬೆಳಿಗ್ಗೆನೇ ಕರ್ಕೊಂಡು ಹೋಗಿ, ಕಲ್ಲು ನೆಲ ಇರೋದ್ರಿಂದ ಗಟ್ಟಿ ಶೂ ಬೇಕು. ಗೈಡೆಡ್ ಟೂರ್ ಇದ್ರೆ ತಗೊಳ್ಳಿ, ಕನ್ನಡದಲ್ಲಿ ಇಲ್ಲ, ಇಂಗ್ಲಿಷ್ ಬರೋರೊಬ್ರು ಗುಂಪಿಗೆ ಅನುವಾದ ಮಾಡ್ಲಿ. ನಮ್ಮ ಪಾಸ್‌ಪೋರ್ಟಿಗೆ ವೀಸಾ ಮೊದಲೇ ಬೇಕು, 2023 ರ ಅಕ್ಟೋಬರ್ ಆದ್ಮೇಲೆ ಆ ಕಡೆ ಪರಿಸ್ಥಿತಿ ಹೇಗಿದೆ ಅಂತ ಎಲ್ಲರಿಗೂ ಗೊತ್ತು, ವಿದೇಶಾಂಗ ಇಲಾಖೆಯ ಸೂಚನೆ ನೋಡ್ಕೊಂಡೇ ದುಡ್ಡು ಕಟ್ಟಿ. ಪ್ಯಾಕೇಜ್ ಬುಕ್ ಮಾಡೋವಾಗ ಐಟಿನರಿಯಲ್ಲಿ ಮಗ್ದಲ ಅಂತ ಹೆಸರಿದ್ರೆ ಸಾಲದು, ಎಷ್ಟು ಗಂಟೆ, ಚಾಪೆಲ್ ಒಳಗೆ ಪ್ರಾರ್ಥನೆಗೆ ಟೈಮ್ ಇದೆಯಾ, ಅದೇ ದಿನ ಶಾಪಿಂಗ್ ಸ್ಟಾಪ್ ಇಟ್ಟಿದ್ದಾರಾ ಅಂತ ಕೇಳಿ ಬರಹದಲ್ಲಿ ತಗೊಳ್ಳಿ. ಆಗಲ್ಲ ಅಂದ್ರೆ ತಿಬೇರಿಯದಲ್ಲಿ ಉಳ್ಕೊಳ್ಳೋ ದಿನ ನಾಲ್ಕೈದು ಜನ ಸೇರಿ ಟ್ಯಾಕ್ಸಿ ಮಾಡ್ಕೊಂಡು ನೀವೇ ಹೋಗಿ ಬನ್ನಿ, ದೂರ ಏನಿಲ್ಲ, ಶನಿವಾರ ಮಾತ್ರ ಬೇಡ, ಸಬ್ಬತ್ ಅಂತ ಬಸ್ಸು ಅಂಗಡಿ ಎಲ್ಲಾ ಬಂದ್ ಇರುತ್ತೆ.